ಆರು ಇಪ್ಪತ್ತಕ್ಕೆ ಬರುವ ಚುಕ್ಕಮ್ಮನವರಿಗೆ

ಶ್ರೀರಾಂಪುರದ ಆಚೆ, ಸಿಟಿ ಬಸ್ಸು ಹಿಂತಿರುಗುವ ಜಾಗದಿಂದಲೂ ಆಚೆ,
ಮೈಸೂರು
ಶುಕ್ರವಾರ

ಮಾನ್ಯರೇ,

ಬೀರಮ್ಮನವರ ಕೊಟ್ಟಿಗೆಯ ಹಿರಿಯ ಹಸುವೂ, ಹಣೆಯ ಮೇಲೆ ಬಿಳಿಯ ಚುಕ್ಕಿಯನ್ನು ಹುಟ್ಟಿನಿಂದಲೇ ಧರಿಸಿ ಬಂದವರೂ, ನಮ್ಮ ಬಡಾವಣೆಯ ನಲವತ್ತೊಂದು ಮನೆಗಳ ಪೈಕಿ ಅರ್ಧಕ್ಕರ್ಧದ ಹೊಸಿಲನ್ನು ಯಜಮಾನರಿಗಿಂತ ಮೊದಲು ದಾಟಿದವರೂ ಆದ ತಮ್ಮ ಪಾದಗಳಿಗೆ, ನಾಲ್ಕಕ್ಕೂ ಬೇರೆ ಬೇರೆಯಾಗಿ, ಅನಂತ ನಮಸ್ಕಾರಗಳು. ತಾವೂ ತಮ್ಮ ಕರುವೂ ಕ್ಷೇಮವೆಂದು ನಂಬಿದ್ದೇನೆ. ನಾವೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಆದರೆ ತಮ್ಮ ಸಗಣಿಯ ಮೇಲೆ ಕಾಲಿಟ್ಟು ಹಾಲ್‌ನಲ್ಲಿ ಜಾರಿ ಬಿದ್ದ ನನ್ನ ಸೊಂಟ ಅದಕ್ಕೆ ಒಪ್ಪುತ್ತಿಲ್ಲ.

ವಿಷಯ ಇಷ್ಟೇ. ತಾವು ಪ್ರತಿದಿನ ಬೆಳಿಗ್ಗೆ ಆರು ಇಪ್ಪತ್ತಕ್ಕೆ ನಮ್ಮ ಮನೆಗೆ ಬರುತ್ತೀರಿ. ಗೇಟಿನವರೆಗಲ್ಲ, ಜಗಲಿಯವರೆಗೂ ಅಲ್ಲ, ನೇರ ಅಡುಗೆಮನೆಯ ಬಾಗಿಲವರೆಗೆ. ಈ ಭಾನುವಾರ ನಿವಾಸಿಗಳ ಸಂಘ ಸಭೆ ಸೇರಿ, ದನ ದಾಟಲಾಗದ ಹಾಗೆ ಬಡಾವಣೆಯ ಬಾಯಿಗೆ ಕಬ್ಬಿಣದ ಕಂಬಿಗಳನ್ನು ಹಾಸಬೇಕೋ ಬೇಡವೋ ಎಂದು ತೀರ್ಮಾನಿಸಲಿದೆ. ಕೆರೆಯ ಬದಿಯ ಹುಲ್ಲಿಗೆ ತಮಗಿರುವುದು ಇದೊಂದೇ ದಾರಿ. ಇದು ಮುಚ್ಚಿದರೆ ಬೀರಮ್ಮ ತಮ್ಮನ್ನು ಮಾರಬೇಕಾಗುತ್ತದಂತೆ. ಸಂಘದವರಿಗೆ ಬೇಕಾಗಿರುವುದು ನೊಂದವರಿಂದ ಲಿಖಿತ ದೂರು. ಆ ನೊಂದವನು ನಾನು, ಆ ದೂರು ಇದು.

ಸ್ವಂತ ಮನೆ ಎಂಬುದು ಸಿಗುವ ಹೊತ್ತಿಗೆ ನಾನೂ ನನ್ನ ಹೆಂಡತಿ ಮೈತ್ರೇಯಿಯೂ ಖಾತೆ, ಕಂದಾಯ ರಸೀದಿ, ಋಣಭಾರ ಪತ್ರ, ಮೂಲಪತ್ರ, ಅದರ ನಕಲು, ನಕಲಿನ ದೃಢೀಕರಣ ಎಂದು ಎಷ್ಟು ಕಾಗದಗಳಿಗೆ ರುಜು ಹಾಕಿದೆವೆಂದರೆ, ಕೊನೆಕೊನೆಗೆ ನನ್ನ ರುಜು ನೋಡಿ ನನಗೇ ಅನುಮಾನ ಬರುತ್ತಿತ್ತು. ತಾವಾದರೋ ಒಂದೇ ಒಂದು ಕಾಗದ ತೋರಿಸದೆ ಒಳಗೆ ಬಂದಿರಿ, ಬಂದ ಮೇಲೆ ಒಳಗಿದ್ದ ಕಾಗದಗಳನ್ನೂ ತಿಂದಿರಿ. ಸೈಟು ತೋರಿಸಿದವರು ಕೊಟ್ಟ ಬಣ್ಣದ ಪುಸ್ತಿಕೆಯಲ್ಲಿ ‘ಪ್ರಕೃತಿಯ ಮಡಿಲಲ್ಲಿ ನಿಮ್ಮ ಮನೆ’ ಎಂದಿತ್ತು. ಉದ್ಯಾನ, ಕಾರಂಜಿ, ವಾಕಿಂಗ್ ಪಾಥ್, ಕ್ಲಬ್‌ಹೌಸ್ ಎಲ್ಲದರ ಚಿತ್ರವಿತ್ತು. ಮೂರು ವರ್ಷವಾದರೂ ಅವುಗಳಲ್ಲಿ ಒಂದೂ ಬರಲಿಲ್ಲ. ಚಿತ್ರದಲ್ಲಿಲ್ಲದ ತಾವು ಮಾತ್ರ ಬಂದಿರಿ. ಬೇರೆಯವರು ಕೊಟ್ಟ ಮಾತನ್ನು ತಾವೊಬ್ಬರೇ ಉಳಿಸಿಕೊಡುತ್ತಿರುವುದಕ್ಕೆ ಬಡಾವಣೆಯ ಪರವಾಗಿ ವಂದಿಸುತ್ತೇನೆ.

ಇಲ್ಲಿ ಒಂದನ್ನು ಒಪ್ಪಿಕೊಳ್ಳದೆ ಗತಿಯಿಲ್ಲ. ಗೃಹಪ್ರವೇಶದ ದಿನ ಹಸುವೇ ಮೊದಲು ಒಳಗೆ ಹೋಗಬೇಕೆಂಬುದು ಪದ್ಧತಿ; ಆದರೆ ಕನ್ನಡಿಯಂಥ ನೆಲ ಕಂಡರೆ ತಮಗೆ ಆಗದು. ಸಂಘದ ಅಧ್ಯಕ್ಷರಾದ ವಿಜಯ್‌ಕುಮಾರ್ ಅವರ ಗೃಹಪ್ರವೇಶದಲ್ಲಿ ತಾವು ಹೊಸಿಲಿನಲ್ಲೇ ಕಾಲೂರಿ ನಿಂತು, ಮುಂದಿನಿಂದ ನಾಲ್ವರು ಎಳೆದರೂ ಹಿಂದಿನಿಂದ ಪುರೋಹಿತರೇ ಪಂಚೆ ಎತ್ತಿಕಟ್ಟಿ ತಳ್ಳಿದರೂ ಅಲುಗದೆ, ಮುಹೂರ್ತ ಮೀರಿಸಿಬಿಟ್ಟಿರಿ. ಪಾಪ, ಅಧ್ಯಕ್ಷರು ದೇವರ ಮುಂದಿನ ಪುಟ್ಟ ಬೆಳ್ಳಿ ಹಸುವನ್ನು ತಟ್ಟೆಯಲ್ಲಿಟ್ಟುಕೊಂಡು ಒಳಗೆ ಹೋದರು. ನಮ್ಮ ಮನೆಗೂ ಅದೇ ನೆಲ. ನಮ್ಮ ತಾತ ಅರಮನೆಯ ಕಚೇರಿಯಲ್ಲಿ ದಸರೆಯ ಪಟ್ಟಿಗಳನ್ನು ಬರೆಯುತ್ತಿದ್ದವರು. ಮುಂಚಿತವಾಗಿ ತಯಾರಿ ಮಾಡದೆ ಒಂದು ಕಡ್ಡಿಯನ್ನೂ ಎತ್ತಿಡದ ವಂಶ ನಮ್ಮದು. ಜಂಬೂಸವಾರಿಯ ಆನೆಗೆ ತಾಲೀಮು ಕೊಡುವ ಊರಿನಲ್ಲಿ ಗೃಹಪ್ರವೇಶದ ಹಸುವಿಗೆ ಯಾಕೆ ಕೊಡಬಾರದು ಅಂದುಕೊಂಡೆ. ಬೀರಮ್ಮನವರನ್ನು ಒಪ್ಪಿಸಿ, ಹನ್ನೊಂದು ದಿನ, ಬೆಳಿಗ್ಗೆ ಆರು ಇಪ್ಪತ್ತಕ್ಕೆ, ನೆಲಕ್ಕೆ ಗೋಣಿತಾಟು ಹಾಸಿ, ಹೊಸಿಲಿನಲ್ಲೊಂದು ಬಾಳೆಹಣ್ಣು, ಹಾಲ್‌ನಲ್ಲೊಂದು ಬಾಳೆಹಣ್ಣು, ಅಡುಗೆಮನೆಯ ಬಾಗಿಲಲ್ಲಿ ಒಂದು ಅಚ್ಚು ಬೆಲ್ಲ. ಐದನೆಯ ದಿನ ಗೋಣಿತಾಟನ್ನೂ ತೆಗೆದೆ. ಮರಳುಮೂಟೆ ಹೊರಿಸಲಿಲ್ಲ, ಕುಶಾಲತೋಪು ಹಾರಿಸಲಿಲ್ಲ, ಅಷ್ಟೆ.

ಹನ್ನೆರಡನೆಯ ದಿನ ಮುಹೂರ್ತಕ್ಕೆ ಸರಿಯಾಗಿ ತಾವು ಮಹಾರಾಣಿಯ ಹಾಗೆ ಒಳನಡೆದು, ಹಾಲ್‌ನ ನಟ್ಟನಡುವೆ ಸಗಣಿ ಹಾಕಿ, ಪುರೋಹಿತರಿಂದ “ಆಹಾ, ಲಕ್ಷ್ಮಿ ಒಲಿದುಬಿಟ್ಟಳು ಕಣ್ರೀ” ಎನ್ನಿಸಿದಿರಿ. ಬಂದವರೆಲ್ಲ ನನ್ನ ಬೆನ್ನು ತಟ್ಟಿದರು. ಹದಿಮೂರನೆಯ ದಿನ ಆರು ಇಪ್ಪತ್ತಕ್ಕೆ ತಾವು ಮತ್ತೆ ಬಂದಿರಿ. ತಾಲೀಮು ಮುಗಿಯಿತೆಂದು ತಮಗೆ ತಿಳಿಸುವ ಬಗೆ ಹೇಗೆಂಬುದು ನನ್ನ ಪಟ್ಟಿಯಲ್ಲಿ ಇರಲಿಲ್ಲ.

ಬಾಗಿಲು ಹಾಕಿಕೊಂಡರಾಯಿತಲ್ಲ ಎನ್ನುವವರು ನಮ್ಮ ತೇಗದ ಬಾಗಿಲನ್ನು ಬಂದು ನೋಡಲಿ. ತಾವು ಕೊಂಬಿನಿಂದ ಕದ ತಟ್ಟಿದ ಗುರುತುಗಳು ಅಲ್ಲಿ ಸಾಲಾಗಿವೆ. ನಾಲ್ಕು ತಿಂಗಳಲ್ಲಿ ತಾವಾಗಿ ಒಂದು ದಿನವೂ ರಜೆ ಹಾಕಿಲ್ಲ. ನೀರು ದಿನ ಬಿಟ್ಟು ದಿನ ಬರುತ್ತದೆ, ಪೇಪರಿನವನು ಮನಸ್ಸು ಬಂದರೆ ಬರುತ್ತಾನೆ, ತಾವು ಮಾತ್ರ ಗಡಿಯಾರ. ಇಷ್ಟೊಂದು ಶಿಸ್ತಿನವರಲ್ಲಿ ಕೆಲವು ವಿನಂತಿಗಳು. ಭಾನುವಾರವಾದರೂ ಎಂಟಕ್ಕೆ ಬನ್ನಿ. ಕಾಲೊರೆಸು ಇರುವುದು ಕಾಲು ಒರೆಸುವುದಕ್ಕೆ, ಫಲಾಹಾರಕ್ಕಲ್ಲ. ಹಿಂತಿರುಗುವಾಗ ಬಾಲವನ್ನು ಟೀವಿಯ ಕಡೆ ಬೀಸದೆ ಕಿಟಕಿಯ ಕಡೆ ಬೀಸಿ. ಲಕ್ಷ್ಮಿ ನಮಗೆ ಒಲಿದದ್ದು ಒಂದು ಸಲಕ್ಕೆ ಧಾರಾಳವಾಯಿತು. ಇನ್ನು ಮೇಲೆ ಆ ಒಲುಮೆಯನ್ನು ಉಳಿದ ನಲವತ್ತು ಮನೆಗಳಿಗೂ ಸರದಿಯ ಪ್ರಕಾರ ಹಂಚಬೇಕಾಗಿ ಕೈಮುಗಿದು ಬೇಡುತ್ತೇನೆ.

ಇಷ್ಟನ್ನೂ ಸಹಿಸಿಕೊಂಡಿದ್ದೆ. ಆದರೆ ಮೊನ್ನೆ ಸೋಮವಾರ, ನಾನು ಕಾಫಿ ಬೆರೆಸಿಕೊಂಡು ಬರುವಷ್ಟರಲ್ಲಿ, ಕಾಲೇಜಿನಿಂದ ತಂದಿದ್ದ ಇತಿಹಾಸದ ಉತ್ತರಪತ್ರಿಕೆಗಳಲ್ಲಿ ಏಳನ್ನು ತಾವು ಮುಗಿಸಿಬಿಟ್ಟಿದ್ದಿರಿ. ಇಪ್ಪತ್ತೆರಡು ವರ್ಷಗಳಿಂದ ಅವನ್ನು ಓದುತ್ತಿದ್ದೇನೆ, ಯಾರಿಗೂ ಅಷ್ಟು ರುಚಿಸಿದ್ದನ್ನು ಕಂಡಿಲ್ಲ. ಆದರೂ ಪ್ರಾಂಶುಪಾಲರಿಗೆ ಏನೆಂದು ಹೇಳಲಿ? ಸಿಟ್ಟು ನೆತ್ತಿಗೇರಿತು. ಸಂಘದ ವಾಟ್ಸ್ಯಾಪ್ ಗುಂಪಿನಲ್ಲಿ ‘ಈ ಹಸುವಿನ ಕಾಟಕ್ಕೆ ಒಂದು ಕೊನೆ ಕಾಣಿಸಿ’ ಎಂದು ಹಾಕಿಬಿಟ್ಟೆ. ಬೀದಿದೀಪ ಕೆಟ್ಟಿದೆ ಎಂದರೆ ತಿಂಗಳಾದರೂ ಉಸಿರೆತ್ತದ ಅಧ್ಯಕ್ಷರು ಐದು ನಿಮಿಷದಲ್ಲಿ ಫೋನು ಮಾಡಿದರು, ಸಂಜೆಯೊಳಗೆ ಬೀರಮ್ಮನವರ ಮನೆಗೂ ಹೋಗಿ ಬಂದರು.

ಮಂಗಳವಾರ ಬೀರಮ್ಮ ನಮ್ಮ ಗೇಟಿನ ಹತ್ತಿರ ಬಂದರು. ಒಳಗೆ ಕರೆದರೂ ಬರಲಿಲ್ಲ. “ಅಲ್ಲಾ ಸಾರ್, ಬೆಲ್ಲ ಕೊಟ್ಟು ಕರ್ದೋರೂ ನೀವೇ, ಬಂದ್ಬುಟ್ಲು ಅಂತ ದೂರು ಕೊಟ್ಟೋರೂ ನೀವೇ. ನಿಮ್ಮನೆ ಪೂಜೆ ಮುಗೀತು ಅಂತ ಆ ಮೂಕಜೀವಕ್ಕೆ ಎಂಗ್ ಗೊತ್ತಾಗ್ಬೇಕು? ಇನ್ಮೇಲೆ ಬರಾಕಿಲ್ಲ ಬುಡಿ, ಕಟ್ಟಾಕಿವ್ನಿ” ಎಂದು ಹೇಳಿ ಹೊರಟರು.

ಇವತ್ತಿಗೆ ನಾಲ್ಕು ದಿನ. ನೆಲ ಫಳಫಳ ಹೊಳೆಯುತ್ತಿದೆ, ಕಾಲೊರೆಸು ಇದ್ದಲ್ಲೇ ಇದೆ. ತಮ್ಮನ್ನು ಪೊರಕೆ ಹಿಡಿದೇ ಸ್ವಾಗತಿಸುತ್ತಿದ್ದ ಮೈತ್ರೇಯಿ ದಿನಾ ಅದೇ ಹೊತ್ತಿಗೆ ಬಾಗಿಲಲ್ಲಿ ನಿಂತು ರಸ್ತೆ ನೋಡುತ್ತಾಳೆ. ಯಾರು ಬರಬೇಕಾಗಿತ್ತು ಎಂದು ಕೇಳಿದರೆ “ಯಾರೂ ಇಲ್ಲ ಕಣ್ರೀ, ಸುಮ್ನೆ ಗಾಳಿಗೆ ನಿಂತಿದ್ದೀನಿ” ಎನ್ನುತ್ತಾಳೆ. ಕೈಯಲ್ಲಿ ಬೆಲ್ಲ ಇರುತ್ತದೆ. ಹದಿನಾರು ವರ್ಷ ನಾವು ಬಾಡಿಗೆಗಿದ್ದ ವಿದ್ಯಾರಣ್ಯಪುರಂನಲ್ಲಿ ಪಕ್ಕದ ಮನೆಯ ಪ್ರೇಮಮ್ಮ ಮೊಸರಿಗೆ ಹೆಪ್ಪು ಬೇಕೆಂದು ಬಟ್ಟಲು ಹಿಡಿದು ಸೀದಾ ಅಡುಗೆಮನೆಗೇ ಬರುತ್ತಿದ್ದರು, ಬಂದವರು ಒಂದು ಗಂಟೆ ಕೂತು ಹೆಪ್ಪು ಮರೆತು ಹೋಗುತ್ತಿದ್ದರು. ಇಲ್ಲಿ ಎದುರುಮನೆಯವರು ಬರಬೇಕಾದರೆ ಮೊದಲು ಮೆಸೇಜು, ಆಮೇಲೆ ಫೋನು, ಕೊನೆಗೆ ‘ಇನ್ನೊಂದು ಸಲ ಖಂಡಿತ ಬರ್ತೀವಿ’. ಮನೆ ಬಿಕೋ ಅನ್ನುತ್ತಿದೆ, ಮಾನ್ಯರೇ. ತಾವು ಬಾರದೆ ನನಗೆ ಬೇಜಾರಾಗಿದೆ. ನನ್ನ ಒಂದು ಸಾಲಿನ ಸಿಟ್ಟಿನಿಂದ ಬೀರಮ್ಮನವರ ಕೊಟ್ಟಿಗೆ ಖಾಲಿಯಾದರೆ ಈ ಮನೆಯಲ್ಲಿ ನನಗೆ ಅನ್ನ ಸೇರುವುದಿಲ್ಲ.

ಆದ್ದರಿಂದ ಅಧ್ಯಕ್ಷರಿಗೆಂದು ಬರೆಯಲು ಕೂತ ದೂರನ್ನು ತಮಗೇ ಬರೆದಿದ್ದೇನೆ, ಇದರ ಮೂಲಕ ಅದನ್ನು ಹಿಂದಕ್ಕೂ ಪಡೆದಿದ್ದೇನೆ. ಇದನ್ನು ನಾಳೆ ಬೆಳಿಗ್ಗೆ ನಾನೇ ಕೊಟ್ಟಿಗೆಗೆ ತಂದು, ಬೀರಮ್ಮನವರ ಕ್ಷಮೆ ಕೇಳಿ, ತಮ್ಮೆದುರು ಓದುತ್ತೇನೆ. ಓದಿ ಮುಗಿಸುವವರೆಗೆ ದಯವಿಟ್ಟು ತಿನ್ನಬೇಡಿ.

ಇಂತಿ, ಸೊಂಟ ನೋವಿನಲ್ಲೂ
ತಮ್ಮ ವಿಶ್ವಾಸಿ,
ವಾಗೀಶ

ವಿ.ಸೂ.: ದೂರು ಕೈಬಿಟ್ಟರೂ ಸಭೆ ಬಿಡುವುದಿಲ್ಲವೆಂದು ಅಧ್ಯಕ್ಷರು ಈಗಷ್ಟೇ ತಿಳಿಸಿದ್ದಾರೆ, ಕಂಬಿಯ ವಿಚಾರವನ್ನು ಮತಕ್ಕೆ ಹಾಕುತ್ತಾರಂತೆ. ಆಗಲಿ. ನಾನೂ ಒಂದು ತಿದ್ದುಪಡಿ ತರುತ್ತೇನೆ: ಈ ಬಡಾವಣೆಯಲ್ಲಿ ಒಂದು ದಿನವಾದರೂ ಕರೆಯದೆ ಇನ್ನೊಬ್ಬರ ಮನೆಗೆ ಹೋದವರು ಮಾತ್ರ ಮತ ಹಾಕತಕ್ಕದ್ದು. ನನ್ನ ಲೆಕ್ಕದ ಪ್ರಕಾರ ಮತ ತಮ್ಮದೊಂದೇ. ಭಾನುವಾರ ಹತ್ತು ಗಂಟೆಗೆ ತಪ್ಪದೆ ಬನ್ನಿ.