ಹಲಗೆಯ ಮೇಲಿನ ಅರವತ್ತೆರಡು ಸೆಕೆಂಡು

ಎಲ್ಲಾದರೂ ಒಂದು ಕಡೆ ತನ್ನ ಹೆಸರು ಬರೆದಿದ್ದರೆ ಮನುಷ್ಯ ಆ ದಾರಿಯಲ್ಲಿ ಸುಮ್ಮಸುಮ್ಮನೆ ಓಡಾಡುತ್ತಾನೆ. ನನ್ನ ಹೆಸರಿರುವುದು ಸಿರುಗುಪ್ಪದಲ್ಲಿ, ನಾನು ಓದಿದ ಹೈಸ್ಕೂಲಿನ ಆಟದ ಕೋಣೆಯ ದಾಖಲೆ ಹಲಗೆಯ ಮೇಲೆ: ನಾನೂರು ಮೀಟರ್ ಓಟ, ಅರವತ್ತೆರಡು ಸೆಕೆಂಡು. ಬಳ್ಳಾರಿಯ ನಮ್ಮ ಮನೆಗೆ ಯಾವ ನೆಂಟರು ಬಂದರೂ ಊರಿನ ಕೋಟೆ ತೋರಿಸುವ ಮೊದಲು ಬಸ್ಸು ಹತ್ತಿಸಿ ಅಲ್ಲಿಗೆ ಕರೆದೊಯ್ಯುತ್ತಿದ್ದೆ. ಎರಡು ಮೆಟ್ಟಿಲು ಹತ್ತಿದರೆ ಈಗ ನನಗೆ ಏದುಸಿರು ಬರುತ್ತದೆಂದು ಹೆಂಡತಿ ಅವರಿಗೆ ಹೇಳುತ್ತಾಳೆ. ಹಲಗೆಗೆ ಅದು ಗೊತ್ತಿಲ್ಲವಲ್ಲ.

ಹೋದ ಸುಗ್ಗಿಯಲ್ಲಿ ಆ ಶಾಲೆಯ ಪಿ.ಟಿ. ಮೇಷ್ಟ್ರ ಫೋನು ಬಂತು. “ಅಣ್ಣಾರ, ಕುರುಗೋಡಿನ ಹುಡುಗಿ ಹುಲಿಗೆಮ್ಮ, ಒಂಬತ್ತನೇ ಕ್ಲಾಸು. ಪ್ರಾಕ್ಟೀಸಿನಾಗ ಅರವತ್ತೊಂದಕ್ಕ ಓಡ್ಯಾಳ್ರಿ. ಹಲಿಗಿ ಮ್ಯಾಲ ಹೆಸರು ಬಂದ್ರ ಅವ್ರಪ್ಪ ಸ್ಪೋರ್ಟ್ಸ್ ಹಾಸ್ಟೆಲ್ಲಿಗೆ ಕಳಸ್ತಾನಂತ. ಬರೆಸಲೇನ್ರಿ?”

ಹುಡುಗರಿಗೊಂದು ಹುಡುಗಿಯರಿಗೊಂದು ಸಾಲು ಆ ಹಲಗೆಯಲ್ಲಿ ಮೊದಲಿನಿಂದಲೂ ಇಲ್ಲ. “ಪ್ರಾಕ್ಟೀಸು ಲೆಕ್ಕಕ್ಕ ಬರಲ್ಲ” ಎಂದೆ. ಅಳೆದ ಟ್ರ್ಯಾಕು ಬೇಕು, ಇಬ್ಬರು ತೀರ್ಪುಗಾರರು ಬೇಕು, ಗಾಳಿಯ ದಿಕ್ಕು ನೋಡಬೇಕು. ನನಗೆ ಇಷ್ಟೊಂದು ನಿಯಮ ಗೊತ್ತಿದೆಯೆಂದು ನನಗೇ ಗೊತ್ತಿರಲಿಲ್ಲ. ಗಡಿಯಾರ ಹಿಡಿಯಲು ನಾನೇ ಹೊರಟೆ.

ಸುಗ್ಗಿಯಲ್ಲಿ ಆ ಮೈದಾನ ಶಾಲೆಯದಲ್ಲ, ಭತ್ತದ್ದು. ನಮ್ಮ ಕಾಲದಿಂದಲೂ ಹಾಗೆ. ಒಣಹಾಕಿದ ಭತ್ತ ಒಂದು ತಿರುವಿನಲ್ಲಿ ಸುಣ್ಣದ ಗೆರೆಯ ಮೇಲೂ ಹರಡಿತ್ತು. “ಒಳಗಿನಿಂದ ಸುತ್ತಿಬಿಡಮ್ಮ” ಎಂದೆ ಉದಾರವಾಗಿ. ಆಮೇಲೆ ದೂರ ಕಮ್ಮಿಯಾಯಿತೆಂದು ತಳ್ಳಿಹಾಕುವ ಉಪಾಯ.

“ಬ್ಯಾಡ್ರಿ ಸರ್, ದಾರಿ ಕಮ್ಮಿ ಆಕ್ಕತಿ. ಹೊರಗಿಂದ ಓಡ್ತೀನಿ” ಎಂದಳು ಹುಲಿಗೆಮ್ಮ.

ಓಡಿದಳು. ಮತ್ತೆ ಅರವತ್ತೊಂದು. ಗಡಿಯಾರವನ್ನು ಅಲ್ಲಾಡಿಸಿ ನೋಡಿದೆ; ಅದು ಚೆನ್ನಾಗಿಯೇ ಇತ್ತು. “ಇನ್ನೊಬ್ಬ ತೀರ್ಪುಗಾರರು ಇರಬೇಕಿತ್ತು” ಎಂದು ಗೊಣಗಿದೆ.

ಅಷ್ಟರಲ್ಲಿ, ಕಾಲಿನಿಂದ ಭತ್ತ ಸರಿಸುತ್ತಿದ್ದ ಮುದುಕಿಯೊಬ್ಬಳು ನನ್ನ ಮುಖವನ್ನೇ ನೋಡುತ್ತ ಬಂದಳು. “ಏನಪ, ನೀನು ಆ ಓಟದ ಹುಡುಗ ಅಲ್ಲೇನು? ನಮ್ಮ ಭತ್ತ ತುಳಕೊಂತ ಈ ಮೂಲಿಯಿಂದ ಆ ಮೂಲಿಗೆ ಅಡ್ಡ ಹೋದಾವ? ಅಷ್ಟು ಕೂಗಿದ್ರೂ ತಿರುಗಿ ನೋಡಲಿಲ್ಲಲ್ಲಪ.”

ಪಿ.ಟಿ. ಮೇಷ್ಟ್ರು ನನ್ನನ್ನು ನೋಡಿದರು. ಹುಲಿಗೆಮ್ಮ ಮರ್ಯಾದೆಯಿಂದ ನೆಲ ನೋಡಿದಳು. ನಾನು ಓಡಿದ ಆ ದಿನ ನಮ್ಮ ಕಾಲದ ಮೇಷ್ಟ್ರು ಗಡಿಯಾರ ನೋಡುತ್ತಿದ್ದರು. ನನ್ನನ್ನು ನೋಡುತ್ತಿದ್ದವಳು ಈಕೆಯೊಬ್ಬಳೇ. ಇನ್ನೊಬ್ಬ ತೀರ್ಪುಗಾರರು ಬೇಕೆಂದು ಕೇಳಿದವನೂ ನಾನೇ ತಾನೆ.

ಅಂದೇ ಹುಲಿಗೆಮ್ಮನ ಹೆಸರು ಹಲಗೆ ಏರಿತು. ನನ್ನದನ್ನು ಅಳಿಸಬೇಡಿರೆಂದು ಕಾಡಿಬೇಡಿ, ಅವಳ ಕೆಳಗೆ ಉಳಿಸಿಕೊಂಡಿದ್ದೇನೆ. ನೆಂಟರನ್ನು ಈಗಲೂ ಸಿರುಗುಪ್ಪಕ್ಕೆ ಕರೆದೊಯ್ಯುತ್ತೇನೆ. ಭತ್ತ ಒಣಹಾಕುವ ದಿನಗಳಲ್ಲಿ ಬಂದವರಿಗೆ ಮಾತ್ರ ಕೋಟೆ ತೋರಿಸಿ ಕಳಿಸುತ್ತೇನೆ.