ಮಂಜಿಯ ಬಾಯಿ ತೆರೆದೇ ಇದ್ದ ಕಾರಣ

ಹಳದೀಪುರ ಬದಿ, ಜೂನ್ ೧೯೬೪

ಇಂದ:
ಹಮ್ಮ ಬೊಮ್ಮ ಗೌಡ, ತರಕಾರಿ ಬೆಳೆಯುವವನು, ಗದ್ದೆಕೇರಿ

ಗೆ:
ಹೆಡ್ ಮಾಸ್ತರರು, ಗದ್ದೆಕೇರಿ ಪ್ರಾಥಮಿಕ ಶಾಲೆ

ವಿಷಯ: ಮಗಳು ಮಂಜಿಯನ್ನು ಎರಡನೇ ಇಯತ್ತೆಗೆ ಹತ್ತಿಸುವ ಕುರಿತು.

ಉಲ್ಲೇಖ: ತಾವು ಮಾರ್ಚಿನಲ್ಲಿ ಶಾಲೆಯ ಜಗಲಿಯ ಮೇಲೆ ಆಡಿದ ಮಾತು: "ಈ ಹುಡ್ಗಿ ಮಂದ. ಬಾಯಿ ಬಿಟ್ಕಂಡೇ ಕೂತಿರ್ತದೆ."

ಮಾನ್ಯರೇ,

೧. ಸದರಿ ಮಂಜಿ ಅರ್ಜಿದಾರನ ಒಬ್ಬಳೇ ಮಗಳು. ನಡೆಯಲು ಕಲಿತಾಗಿನಿಂದ ಬಾಯಿ ಮುಚ್ಚಿದವಳಲ್ಲ. ಮೇಲಿನ ಹಲ್ಲು ಮುಂದೆ ಬಂದು ಕೆಳಗಿನದಕ್ಕೆ ತಾಗದ ಕಾರಣ, ಸೌತೆಕಾಯಿ ಕಚ್ಚಿದರೆ ತುಂಡಾಗುತ್ತಿರಲಿಲ್ಲ. ಬೆರಳು ಚೀಪುವ ಚಾಳಿಯೆಂದು ಅರ್ಜಿದಾರನ ತಾಯಿ ನಾಗಮ್ಮ ಮಗುವಿನ ಹೆಬ್ಬೆರಳಿಗೆ ಹಾಗಲಕಾಯಿ ರಸ ಹಚ್ಚಿದಳು. ಮಗು ಎಂದೂ ಬೆರಳು ಚೀಪಿದ್ದಿಲ್ಲವಾದ್ದರಿಂದ ಪರಿಣಾಮ ಕಂಡುಬರಲಿಲ್ಲ.

೨. ತಾವು "ಬಾಯಿ ಮುಚ್ಚೇ" ಎಂದಾಗ ಆಕೆ, "ಮುಚ್ಚಿದ್ರೆ ಉಸ್ರು ಹ್ಯಾಂಗೆ ತಕಂಬೂದು ಮಾಸ್ತರೇ?" ಎಂದದ್ದು ನಿಜ. ಅದು ಉದ್ಧಟತನವಲ್ಲ, ತಿಳಿಯದೆ ಕೇಳಿದ್ದು. ಆದರೂ ಮತ್ತೆ ಒಂದನೇ ಇಯತ್ತೆಯಲ್ಲೇ ಕೂರಬೇಕೆಂದಾದ ಕಾರಣ, ಶಾಲೆಯ ಹೆಸರೆತ್ತಿದರೆ ಆಕೆ ಬದನೆ ಗಿಡಗಳ ಸಾಲಿನಲ್ಲಿ ಅಡಗಲಾರಂಭಿಸಿದಳು. ಅರ್ಜಿದಾರನಿಗೆ ಅನ್ನ ಸೇರದಾಯಿತು.

೩. ಆದ್ದರಿಂದ ಮೂವರೂ ಕುಮಟೆಯ ಡಾಕ್ಟರರ ಬಳಿ ಹೋದರು. ನಾಗಮ್ಮ, "ಒಡೆಯಾ, ಆ ಹಲ್ಲು ಕಿತ್ತಾಕಿ. ನಾಳೆ ಮದ್ವೆ ಆಗ್ಬೇಕಲ್ಲ ಹುಡ್ಗಿಗೆ" ಎಂದಳು. ಡಾಕ್ಟರರು ಮಂಜಿಯ ಬಾಯಿ ಒತ್ತಿ ಮುಚ್ಚಿ, ಮೂಗಿನ ಕೆಳಗೆ ಕನ್ನಡಿ ಹಿಡಿದರು. ಕನ್ನಡಿ ಮಸುಕಾಗಲೇ ಇಲ್ಲ.

"ತಪ್ಪು ಹಲ್ಲಿಂದಲ್ಲ ಅಜ್ಜಿ, ಮೂಗಿಂದು. ಹಿಂದೆ ಮಾಂಸ ಬೆಳ್ದು ಗಾಳಿಯ ದಾರಿ ಕಟ್ಟಿದೆ. ಸದಾ ಬಾಯಲ್ಲೇ ಉಸಿರಾಡಿದ್ರೆ ನಾಲಿಗೆ ಕೆಳಗೇ ಬಿದ್ದಿರ್ತದೆ. ಅದರ ಒತ್ತು ಸಿಗದೆ ಮೇಲಿನ ದವಡೆ ಇಕ್ಕಟ್ಟಾಗಿ, ಹಲ್ಲು ಮುಂದೆ ಬಂದಿದೆ. ಅದೇ ಮಾಂಸ ಒತ್ತಿ ಕಿವಿಯೂ ಸ್ವಲ್ಪ ಮಂದ ಆಗಿದೆ" ಎಂದರು.

ಮಂದವಾಗಿದ್ದುದು ಕಿವಿಯೇ ಹೊರತು ಬುದ್ಧಿಯಲ್ಲ ಎಂಬುದನ್ನು ತಮ್ಮ ಅವಗಾಹನೆಗೆ ತರಲಾಗಿದೆ.

೪. ಹುಬ್ಬಳ್ಳಿಯಲ್ಲಿ ಆ ಮಾಂಸ ತೆಗೆಸಲಾಯಿತು. ಆಸ್ಪತ್ರೆಯ ಬಾಗಿಲಲ್ಲಿ ಕೂತು ಅರ್ಜಿದಾರನು ನೆನಪಾದ ದೇವರಿಗೆಲ್ಲ ಹರಕೆ ಹೊತ್ತನು. ಗಾಯ ಮಾಗಿ ಮರಳುವಾಗ, ಕುಮಟೆಯ ಮೀನುಪೇಟೆಯ ಬಳಿ ಮಂಜಿ ಅವನ ಅಂಗಿ ಜಗ್ಗಿದಳು.

"ಅಪ್ಪಾ, ಇದೆಂತ ನಾತ?"

"ಒಣಮೀನು ಮಗಾ."

"ಇಷ್ಟು ದಿನ ಎಲ್ಲಿತ್ತು ಇದು?"

ಅರ್ಜಿದಾರನು ನಡುರಸ್ತೆಯಲ್ಲಿ ನಿಂತು ಅತ್ತನು. ಒಣಮೀನಿಗೆ ಅತ್ತ ಗಂಡಸು ಈ ಸೀಮೆಯಲ್ಲಿ ಇನ್ನೊಬ್ಬನಿಲ್ಲವೆಂದು ನಾಗಮ್ಮನ ಹೇಳಿಕೆ.

೫. ಹಲ್ಲು ಇನ್ನೂ ಸರಿಹೋಗಿಲ್ಲ. ಬೆಳೆಯುತ್ತ ನೋಡೋಣ ಎಂದು ಡಾಕ್ಟರರು ಹೇಳಿದ್ದಾರೆ. ಬಾಯಿ ಮಾತ್ರ ಮುಚ್ಚುತ್ತದೆ. ಪಾಠವೂ ಕಿವಿಗೆ ಬೀಳುತ್ತದೆ. ನಿನ್ನೆ ತಾವೇ ಮಗ್ಗಿ ಕೇಳಿ, ಆಕೆಯ ತಲೆ ಸವರಿ, "ಆತು, ಒಂದು ಅರ್ಜಿ ಬರೆಸಿ ತಕಂಬಾ" ಎಂದಿರಿ. ಕಾರಣ ಈ ಅರ್ಜಿ.

ತಮ್ಮ ವಿಶ್ವಾಸಿ, ಮಾರ್ಚಿಗಿಂತ ಈಗ ಹೆಚ್ಚು,
ಹಮ್ಮ ಬೊಮ್ಮ ಗೌಡ (ಹೆಬ್ಬೆಟ್ಟು)
ಬರೆದುಕೊಟ್ಟವನು: ವೆಂಕಟ್ರಮಣ ನಾಯ್ಕ

ಲಗತ್ತು: ಡಾಕ್ಟರರ ಚೀಟಿ. ಹರಿವೆ ಸೊಪ್ಪು, ಒಂದು ಕಟ್ಟು. ಮಂಜಿ, ಖುದ್ದು.

ವಿ.ಸೂ.: ಮಗ್ಗಿ ಒಪ್ಪಿಸುವಾಗ ಮಂಜಿ ತಮ್ಮ ಮುಖಕ್ಕೇ ಸೀನಿದ್ದು ತಮ್ಮ ನಶ್ಯದ ಘಾಟಿನಿಂದ. ಮೂಗು ಹೊಸದು, ರೂಢಿಯಿಲ್ಲ. ಆದ್ದರಿಂದ ತಾವು ಇನ್ನು ಮುಂದೆ ಗಾಳಿ ಯಾವ ಕಡೆಗಿದೆಯೆಂದು ನೋಡಿಕೊಂಡು ನಶ್ಯ ಏರಿಸಬೇಕಾಗಿ ವಿನಂತಿ.