ಲಗ್ನಪತ್ರಿಕೆಯಲ್ಲಿ ಸಿಕ್ಕಿಬಿದ್ದ ಒಳಮನಸ್ಸು

ನಾನು ಮಂಡ್ಯದ ಒಂದು ಕಾಲೇಜಿನಲ್ಲಿ ಹದಿನೆಂಟು ವರ್ಷಗಳಿಂದ ಮನಶ್ಶಾಸ್ತ್ರ ಬೋಧಿಸುತ್ತಿದ್ದೇನೆ. ಆದ್ದರಿಂದ ನಾದಿನಿ ಸೌಮ್ಯಳ ನಿಶ್ಚಿತಾರ್ಥದಲ್ಲಿ ಲಗ್ನಪತ್ರಿಕೆ ಓದುವ ಗೌರವ ನನಗೇ ಬಂದಾಗ ಆಶ್ಚರ್ಯವಾಗಲಿಲ್ಲ. ಇರುವುದೇ ಒಂದು ಪುಟ. ಅದರಲ್ಲಿ ತಪ್ಪುವುದಕ್ಕೇನಿದೆ!

ಕಾರ್ಯಕ್ರಮ ಮಳವಳ್ಳಿಯಲ್ಲಿ, ಮಾವನ ಮನೆಯಲ್ಲಿ. ಮದ್ದೂರಿನಿಂದ ಗಂಡಿನವರು ಬೇಗ ಬಂದುಬಿಟ್ಟರು; ಪುರೋಹಿತರು ಬಂದಿರಲಿಲ್ಲ. ಗಂಡಿನ ತಂದೆ ಬೋರೇಗೌಡರನ್ನು ಮಾತಾಡಿಸುತ್ತಿರಿ ಎಂದು ಮಾವ ನನ್ನನ್ನು ಶಾಮಿಯಾನದ ಕೆಳಗೆ ಕೂರಿಸಿದರು.

“ಏನ್ ಪಾಟ ಮಾಡೀರಿ ಮೇಷ್ಟ್ರೇ?” ಎಂದು ಗೌಡರು ಮರ್ಯಾದೆಗೆ ಕೇಳಿದರು. ನಾನು ಮುಕ್ಕಾಲು ಗಂಟೆ ಉತ್ತರಿಸಿದೆ.

ವಿಯೆನ್ನಾದಿಂದ ಶುರುಮಾಡಿದೆ. ನೂರು ವರ್ಷಕ್ಕೂ ಹಿಂದೆ ಅಲ್ಲಿನ ಡಾಕ್ಟರುಗಳ ಬಳಿ, ಮೈಯಲ್ಲಿ ಯಾವ ದೋಷವೂ ಕಾಣದಿದ್ದರೂ ಕೈ ಆಡದ, ಮಾತು ನಿಂತುಹೋದ ರೋಗಿಗಳು ಬರುತ್ತಿದ್ದರು. ಮನಸ್ಸಿಗೆ ತೋಚಿದ್ದನ್ನೆಲ್ಲ ಹೇಳಿಕೊಂಡಾಗ ಕೆಲವರಿಗೆ ಹಗುರವಾಗುತ್ತಿತ್ತು. ಅದರಿಂದ ಒಬ್ಬ ಡಾಕ್ಟರು ಒಂದು ಸಿದ್ಧಾಂತ ಕಟ್ಟಿದರು: ನಮಗೆ ಗೊತ್ತಿರುವ ಮನಸ್ಸಿನ ಕೆಳಗೆ ಗೊತ್ತಿಲ್ಲದ ಇನ್ನೊಂದು ಮನಸ್ಸಿದೆ, ಒಪ್ಪಿಕೊಳ್ಳಲಾಗದ ಆಸೆ, ಸಿಟ್ಟುಗಳನ್ನೆಲ್ಲ ಅಲ್ಲಿಗೆ ಅದುಮಿಡುತ್ತೇವೆ, ಅವು ಕನಸಾಗಿ, ಮರೆವಾಗಿ ವೇಷ ಹಾಕಿಕೊಂಡು ಮೇಲೆ ಬರುತ್ತವೆ.

ನನ್ನ ವಿದ್ಯಾರ್ಥಿಗಳು ಹದಿನೆಂಟು ವರ್ಷದಲ್ಲಿ ತೋರಿಸದ ಶ್ರದ್ಧೆಯನ್ನು ಗೌಡರು ಅಂದು ತೋರಿಸಿದರು.

“ಅಂದ್ರೆ ಒಳಗೊಬ್ಬ ಬೇಕು ಬೇಕು ಅಂತ ಅಟ ಮಾಡೋನು, ಇನ್ನೊಬ್ಬ ಬ್ಯಾಡ ಕಣ್ಲಾ ಅಂತ ಗದರೋನು. ನಡುವೆ ಸಿಕ್ಕಾಕಂಡಿರೋರು ನಾವು. ಅಂಗೇನಾ?”

“ಅದೇ ಗೌಡ್ರೇ!” ನನಗೆ ಉತ್ಸಾಹ ತಡೆಯಲಾಗಲಿಲ್ಲ. “ಬಾಯಿ ತಪ್ತು ಅಂತೀವಲ್ಲ, ಬಾಯಿ ಸುಮ್ಸುಮ್ನೆ ತಪ್ಪಲ್ಲ. ಒಳಗಿರೋದೇ ಹೊರಗೆ ಬರೋದು!”

ಅಷ್ಟರಲ್ಲಿ ಪುರೋಹಿತರು ಬಂದರು. ನಾನು ಎದ್ದು ನಿಂತು, ಗಂಟಲು ಸರಿಪಡಿಸಿಕೊಂಡು ಓದಿದೆ: “ಮದ್ದೂರಿನ ಬೋರೇಗೌಡರ ಸುಪುತ್ರ ಚಿರಂಜೀವಿ ಪ್ರಸನ್ನಕುಮಾರನಿಗೆ...”

ಗಂಡಿನ ಹೆಸರು ಮಧುಸೂದನ. ಹಾಗೆಂದೇ ಸ್ಪಷ್ಟವಾಗಿ ಬರೆದಿತ್ತು.

“ಪ್ರಸನ್ನ ಯಾರು?” ಎಂದರು ಗಂಡಿನ ತಾಯಿ.

“ಬಾಯಿ ತಪ್ತು, ಅಷ್ಟೇ” ಎಂದೆ.

“ತಪ್ಪಲ್ಲ ಅಂತ ಈಗ್ತಾನೆ ನೀವೇ ಯೇಳುದ್ರಲ್ಲ ಮೇಷ್ಟ್ರೇ?” ಎಂದರು ಗೌಡರು. “ಉಡುಗಿ ಮನ್ಸಲ್ಲಿ ಬ್ಯಾರೆ ಯಾರಾರ ಅವ್ರಾ? ಇದ್ರೆ ಈಗ್ಲೇ ಯೇಳ್ಬುಡಿ. ನಾವು ಎದ್ದೊಯ್ತೀವಿ.”

ಮಾವನ ಮುಖ ಬಿಳಿಚಿಕೊಂಡಿತು. ಅಲ್ಲಿಗೆ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಆದರೆ ನಾನು ಶಾಸ್ತ್ರಬದ್ಧವಾಗಿ ಸಮಜಾಯಿಷಿ ಕೊಟ್ಟೆ: “ಇಲ್ಲ ಗೌಡ್ರೇ, ತಪ್ಪಿದ್ದು ನನ್ನ ಬಾಯಿ. ಹಾಗಾಗಿ ಅದುಮಿಟ್ಟ ಆಸೆ ಹುಡುಗೀದಲ್ಲ, ನಂದು!”

ಹೆಂಗಸರ ಕಡೆಯಿಂದ ‘ಅಯ್ಯಯ್ಯೋ’ ಎಂಬ ಸದ್ದು ಬಂತು. ನಾದಿನಿಯ ನಿಶ್ಚಿತಾರ್ಥದಲ್ಲಿ ಬಾವನಾದವನು ತನ್ನ ಆಸೆಯ ವಿಚಾರ ಎತ್ತಬಾರದೆಂದು ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ!

“ರೀ, ಬಾಯ್ ಮುಚ್ಕಂಡ್ ಕೂತ್ಕಳಿ!” ಎಂದಳು ಹೆಂಡತಿ ಸುಮಾ. ಕೂತೆ.

ಆಗ ಸೌಮ್ಯಳೇ ಎದ್ದಳು. “ಪ್ರಸನ್ನ ಅನ್ನೋರು ಬಾವನ ಶಿಷ್ಯ ಕಣತ್ತೆ, ಯಲಿಯೂರವ್ರು. ಓದೊರ್ಸ ನನ್ನ ನೋಡಕ್ಕೆ ಅಂತ ಬಾವನೇ ಕರ್ಕಂಡ್ ಬಂದಿದ್ರು. ನಾನು ಬ್ಯಾಡ ಅಂದೆ. ತಮ್ ಮಾತು ನಡೀನಿಲ್ಲ ಅಂತ ಅವತ್ತಿಂದ ಬಾವಂಗೆ ಒಳಗೊಳಗೇ ಉರಿ.”

ಎಲ್ಲರೂ ನನ್ನ ಕಡೆ ತಿರುಗಿದರು. ‘ಛೆ, ಹಾಗೇನಿಲ್ಲ’ ಎನ್ನಲು ಹೋದಾಗಲೇ ಹೊಳೆಯಿತು: ಅವಳು ಹೇಳಿದ್ದು ನಿಜವಾಗಿತ್ತು. ಅಲ್ಲಿಯವರೆಗೆ ಅದು ನನಗೇ ಗೊತ್ತಿರಲಿಲ್ಲ!

“ಹೌದು, ಸ್ವಲ್ಪ ಬೇಜಾರಿತ್ತು” ಎಂದು ಒಪ್ಪಿಕೊಂಡೆ.

ಗೌಡರು ಹೊಟ್ಟೆ ಹಿಡಿದು ನಕ್ಕರು. “ಅಂಗಾದ್ರೆ ಕಾಯ್ಲೆ ಮೇಷ್ಟ್ರುದು, ಉಡುಗೀದಲ್ಲ. ಪುರೋಯಿತ್ರೇ, ನೀವ್ ಓದಿ.”

ಪುರೋಹಿತರು ಓದಿದರು. ಒಂದು ನಿಮಿಷವೂ ಹಿಡಿಯಲಿಲ್ಲ.

ಮದುವೆಯಲ್ಲಿ ನನಗೆ ಬಾಯಿಯ ಅಗತ್ಯವೇ ಇಲ್ಲದ ಹೊಣೆ ಕೊಟ್ಟರು: ಛತ್ರದ ಮುಂದೆ ನಿಂತು ಬರುವ ವಾಹನಗಳಿಗೆ ಕೈಸನ್ನೆಯಲ್ಲಿ ದಾರಿ ತೋರಿಸುವುದು. ಅತ್ಯಂತ ಎಚ್ಚರದಿಂದಲೇ ತೋರಿಸಿದೆ. ಗಂಡು ಕೂತಿದ್ದ ಹೂವಿನ ಕಾರು ಸೀದಾ ಪಕ್ಕದ ಛತ್ರದೊಳಕ್ಕೆ ಹೋಯಿತು!